ಬಹುಮುಖಿ ರಂಗನಟರಾಗಲು: ತರಬೇತಿ, ತಾಲೀಮು ಮತ್ತು ವೃತ್ತಿಜೀವನ

1945ರ ಅಕ್ಟೋಬರಿನಲ್ಲಿ ಲಂಡನ್ನಿನ ಓಲ್ಡ್ ವಿಕ್ ನಾಟಕ ಕಂಪನಿಯು ಎರಡು ನಾಟಕಗಳನ್ನು ಒಂದೇ ಸಂಜೆಗೆ ಜೋಡಿಸಿ ಆಡಿತು. ಮೊದಲ ನಾಟಕದಲ್ಲಿ ತನ್ನ ಕಣ್ಣುಗಳನ್ನು ತಾನೇ ಇರಿದುಕೊಳ್ಳುವ ದೊರೆ ಈಡಿಪಸ್ ಆಗಿದ್ದ ಲಾರೆನ್ಸ್ ಒಲಿವಿಯೇ, ವಿರಾಮದ ನಂತರ ನಾಟಕಕಾರ ಶೆರಿಡನ್ನನ ಪ್ರಹಸನದ ಬಡಾಯಿಗಾರ ಪಫ್ ಆಗಿ ಮತ್ತೆ ರಂಗಕ್ಕೆ ಬಂದರು. ಬಹುಮುಖಿ ನಟನೆಯ ಮಾತು ಬಂದಾಗ ಈ ಸಂಜೆಯನ್ನು ನೆನೆಯುವವರು ಇಂದಿಗೂ ಇದ್ದಾರೆ. ಆದರೆ ಅಂಥದ್ದೊಂದು ಸಂಜೆ ಹೇಗೆ ಸಾಧ್ಯವಾಯಿತು ಎಂಬುದನ್ನು ಬಣ್ಣ, ಗಡ್ಡ, ಕಿರೀಟಗಳಲ್ಲಿ ಹುಡುಕಿದರೆ ಉತ್ತರ ಸಿಗುವುದಿಲ್ಲ. ವೇಷವನ್ನು ಬದಲಿಸಿಕೊಡಲು ಪ್ರಸಾಧನದವರಿದ್ದಾರೆ. ಉಸಿರಿನ ಉದ್ದ, ನಡಿಗೆಯ ಲಯ, ಮಾತಿನ ವೇಗ, ಯೋಚನೆಯೊಂದು ಹುಟ್ಟಿ ನಾಲಿಗೆಗೆ ಬರುವ ರೀತಿ, ಇವುಗಳನ್ನು ನಟನೇ ಬದಲಿಸಬೇಕು. ಹಾಗೆ ಬದಲಿಸಬೇಕಾದರೆ ತನ್ನ ಸ್ವಂತ ಚಾಳಿಗಳು ಯಾವುವು ಎಂಬುದು ಅವನಿಗೆ ಮೊದಲು ಗೊತ್ತಿರಬೇಕು. ಹತ್ತು ಬಗೆಯ ದನಿ ತೆಗೆಯುವುದು, ಇಪ್ಪತ್ತು ಜನರನ್ನು ಅನುಕರಿಸುವುದು ಮಿಮಿಕ್ರಿಯ ಕೌಶಲ. ಅದಕ್ಕೆ ಅದರದೇ ಗೌರವವಿದೆ, ಆದರೆ ಬಹುಮುಖಿ ನಟನೆಯ ಬುನಾದಿ ಅದಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ತನ್ನನ್ನು ಬದಿಗಿಡಬಲ್ಲವನು ಮಾತ್ರ ಇನ್ನೊಬ್ಬನಿಗೆ ಜಾಗ ಮಾಡಿಕೊಡಬಲ್ಲ.

ಚಾಳಿಗಳನ್ನು ಗುರುತಿಸುವುದು

1869ರಲ್ಲಿ ಹುಟ್ಟಿದ ಎಫ್. ಎಂ. ಅಲೆಕ್ಸಾಂಡರ್ ಎಂಬ ಆಸ್ಟ್ರೇಲಿಯಾದ ವಾಚನಕಾರರಿಗೆ ವೇದಿಕೆಯ ಮೇಲೆ ವಾಚಿಸುವಾಗಲೆಲ್ಲ ಗಂಟಲು ಕಟ್ಟುತ್ತಿತ್ತು. ಚಿಕಿತ್ಸೆಯಿಂದ ಪ್ರಯೋಜನವಾಗದಿದ್ದಾಗ ಅವರು ಕನ್ನಡಿಗಳ ಮುಂದೆ ನಿಂತು ವಾಚಿಸುತ್ತಾ ತಮ್ಮನ್ನೇ ಗಮನಿಸಿದರು. ಬಾಯಿ ತೆರೆಯುವ ಮೊದಲೇ ತಲೆಯನ್ನು ಹಿಂದಕ್ಕೆಳೆದು, ಧ್ವನಿಪೆಟ್ಟಿಗೆಯನ್ನು ಒತ್ತಿಕೊಂಡು, ಸದ್ದಾಗುವಂತೆ ಉಸಿರೆಳೆಯುತ್ತಿದ್ದುದು ಆಗ ಅವರ ಕಣ್ಣಿಗೆ ಬಿತ್ತು. ಇಂದು ಜಗತ್ತಿನ ಅನೇಕ ನಾಟಕ ಶಾಲೆಗಳಲ್ಲಿ ಕಲಿಸುವ ಅಲೆಕ್ಸಾಂಡರ್ ವಿಧಾನ ಬೆಳೆದದ್ದು ಈ ಗಮನಿಕೆಯಿಂದ. ಅದರ ತಿರುಳನ್ನು ಯಾವ ನಟನಾದರೂ ಅಳವಡಿಸಿಕೊಳ್ಳಬಹುದು: ಹೊಸದನ್ನು ಸೇರಿಸುವ ಮೊದಲು, ಅರಿವಿಲ್ಲದೆ ಮಾಡುತ್ತಿರುವುದನ್ನು ನಿಲ್ಲಿಸಬೇಕು.

ಇದಕ್ಕೆ ಈಗ ಕನ್ನಡಿಗಿಂತ ಮೊಬೈಲ್ ಕ್ಯಾಮೆರಾ ಹೆಚ್ಚು ಉಪಯುಕ್ತ. ನೀವು ಈಗಾಗಲೇ ಮಾಡಿರುವ ಎರಡು ಭಿನ್ನ ಪಾತ್ರಗಳ ಮಾತುಗಳನ್ನು ಪೂರ್ಣ ದೇಹ ಕಾಣುವಂತೆ ಚಿತ್ರೀಕರಿಸಿ, ಮೊದಲು ಧ್ವನಿಯಿಲ್ಲದೆ ನೋಡಿ, ಅನಂತರ ಚಿತ್ರವಿಲ್ಲದೆ ಕೇಳಿ. ಧ್ವನಿಯಿಲ್ಲದೆ ನೋಡುವಾಗ ಎರಡೂ ಪಾತ್ರಗಳಲ್ಲಿ ಒಂದೇ ಕೈ ಏಳುತ್ತದೆಯೇ, ಭಾರ ಒಂದೇ ಕಾಲಿನ ಮೇಲೆ ಬೀಳುತ್ತದೆಯೇ, ಮುಖ್ಯ ಮಾತಿಗೆ ಮುನ್ನ ಹುಬ್ಬು ಮೇಲೇರುತ್ತದೆಯೇ ಎಂದು ಗಮನಿಸಬೇಕು. ಚಿತ್ರವಿಲ್ಲದೆ ಕೇಳುವಾಗ ಪ್ರತಿ ವಾಕ್ಯವೂ ಒಂದೇ ರಾಗದಲ್ಲಿ ಇಳಿಯುತ್ತದೆಯೇ, ಕೋಪವೆಂದರೆ ಯಾವಾಗಲೂ ಏರುದನಿಯೇ, ದುಃಖವೆಂದರೆ ಯಾವಾಗಲೂ ನಿಧಾನವೇ ಎಂದು ಕೇಳಿಸಿಕೊಳ್ಳಬೇಕು. ಸಿಕ್ಕ ಚಾಳಿಗಳನ್ನು ಬರೆದಿಟ್ಟುಕೊಳ್ಳಿ. ಅವು ತಪ್ಪುಗಳೇನಲ್ಲ, ಕೆಲವು ಪಾತ್ರಗಳಿಗೆ ಅವೇ ಬೇಕಾದೀತು. ಬೇಡವಾದಾಗ ಅವುಗಳನ್ನು ತೆಗೆದಿಡಲು ಸಾಧ್ಯವಾಗುವುದು ಮುಖ್ಯ.

ದೇಹ

ನಾಟ್ಯಶಾಸ್ತ್ರವು ಅಭಿನಯವನ್ನು ಆಂಗಿಕ (ದೇಹದ್ದು), ವಾಚಿಕ (ಮಾತಿನದು), ಆಹಾರ್ಯ (ವೇಷಭೂಷಣದ್ದು), ಸಾತ್ವಿಕ (ಒಳಭಾವದ್ದು) ಎಂದು ನಾಲ್ಕಾಗಿ ವಿಂಗಡಿಸುತ್ತದೆ. ನಟನು ಪ್ರತಿದಿನ ತಾನೊಬ್ಬನೇ ದುಡಿಯಬಹುದಾದದ್ದು ಮೊದಲ ಎರಡರಲ್ಲಿ. ಆಂಗಿಕದ ತಯಾರಿಯೆಂದರೆ ಜಿಮ್ಮಿನಲ್ಲಿ ಮೈ ಕಟ್ಟುವುದು ಎಂದು ಅನೇಕರು ತಿಳಿದಿರುತ್ತಾರೆ. ರಂಗಕ್ಕೆ ಬೇಕಾದ ದೇಹಕ್ಕೆ ಶಕ್ತಿಗಿಂತ ಹೆಚ್ಚಾಗಿ ಸಮತೋಲ, ಬೆನ್ನುಮೂಳೆಯ ಸಡಿಲತೆ, ತಟ್ಟನೆ ನಿಲ್ಲುವ ಮತ್ತು ತಟ್ಟನೆ ಹೊರಡುವ ಚುರುಕು ಅಗತ್ಯ. ಯೋಗ, ಸಮರಕಲೆ, ಯಾವುದಾದರೊಂದು ನೃತ್ಯಪದ್ಧತಿ, ಇವುಗಳಲ್ಲಿ ಒಂದನ್ನಾದರೂ ವರ್ಷಗಟ್ಟಲೆ ಬಿಡದೆ ಕಲಿಯುವುದು ಒಳ್ಳೆಯದು. ನಾಲ್ಕನ್ನು ನಾಲ್ಕು ತಿಂಗಳು ಕಲಿತು ಬಿಡುವುದರಿಂದ ದೇಹಕ್ಕೆ ಏನೂ ದಕ್ಕುವುದಿಲ್ಲ. ಕಥಕಳಿಯ ವಿದ್ಯಾರ್ಥಿಗಳು ಕಣ್ಣುಗುಡ್ಡೆಗಳ ಚಲನೆಯನ್ನೇ ಪ್ರತ್ಯೇಕ ಅಭ್ಯಾಸವಾಗಿ ವರ್ಷಗಳ ಕಾಲ ಮಾಡುತ್ತಾರೆ. ದೇಹದ ಎಷ್ಟು ಚಿಕ್ಕ ಭಾಗವನ್ನೂ ಇಚ್ಛೆಗೆ ಒಳಪಡಿಸಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ.

ಪಾತ್ರದ ದೇಹವನ್ನು ಹುಡುಕಲು ರಷ್ಯಾದ ನಟ, ನಟನಾ ಶಿಕ್ಷಕ ಮಿಖಾಯಿಲ್ ಚೆಕಾಫ್ ರೂಪಿಸಿದ ಕಲ್ಪಿತ ಕೇಂದ್ರದ ಅಭ್ಯಾಸವು ಸರಳವೂ ಹೌದು, ಆಳವೂ ಹೌದು. ದೇಹವನ್ನು ಮುಂದಕ್ಕೆ ಎಳೆಯುವ ಬಿಂದುವೊಂದು ಎದೆಯಲ್ಲಿದೆ ಎಂದು ಕಲ್ಪಿಸಿಕೊಂಡು ಕೋಣೆಯ ಉದ್ದಕ್ಕೂ ನಡೆಯಿರಿ. ಅನಂತರ ಅದನ್ನು ಮೂಗಿನ ತುದಿಗೆ, ಹೊಟ್ಟೆಗೆ, ಮಂಡಿಗೆ, ಬೆನ್ನ ಹಿಂದಿನ ಒಂದು ಮೊಳ ದೂರಕ್ಕೆ ಒಯ್ಯಿರಿ. ಮೂಗಿನಿಂದ ನಡೆಯುವಾಗ ಕುತೂಹಲಿಯೊಬ್ಬ, ಬೆನ್ನ ಹಿಂದಿನಿಂದ ನಡೆಯುವಾಗ ಹಿಂಜರಿಯುವವನೊಬ್ಬ ತಾನಾಗಿ ರೂಪುಗೊಳ್ಳುವುದನ್ನು ಕಾಣುತ್ತೀರಿ. ಇದಕ್ಕೆ ವೇಗದ ಅಭ್ಯಾಸವನ್ನೂ ಸೇರಿಸಬಹುದು: ಹೊರಗಿನ ನಡಿಗೆ ನಿಧಾನ, ಒಳಗಿನ ಲಯ ಅವಸರ, ಮತ್ತೆ ಇದರ ತಿರುಗುಮುರುಗು. ರಂಗದ ಮೇಲೆ ನೋಡುಗರನ್ನು ಹಿಡಿದಿಡುವ ಬಹಳಷ್ಟು ಪಾತ್ರಗಳಲ್ಲಿ ಈ ಒಳಹೊರಗಿನ ವೇಗಗಳು ಒಂದೇ ಆಗಿರುವುದಿಲ್ಲ.

1956ರಲ್ಲಿ ಪ್ಯಾರಿಸ್ಸಿನಲ್ಲಿ ಶಾಲೆ ತೆರೆದ ಜಾಕ್ ಲಕಾಕ್ ತಮ್ಮ ಎರಡು ವರ್ಷದ ಶಿಕ್ಷಣವನ್ನು ಯಾವ ಭಾವವೂ ಇಲ್ಲದ ತಟಸ್ಥ ಮುಖವಾಡದಿಂದ ಆರಂಭಿಸಿ, ವಿದೂಷಕನ ಕೆಂಪು ಮೂಗಿನವರೆಗೆ ಒಯ್ಯುತ್ತಿದ್ದರು. ಮುಖವನ್ನು ಮುಚ್ಚಿದೊಡನೆ ನಟನು ಮುಖದಿಂದಲೇ ಎಲ್ಲವನ್ನೂ ಹೇಳುತ್ತಿದ್ದನೆಂಬುದು ಬಯಲಾಗುತ್ತದೆ. ಮುಖವಾಡ ಸಿಗದವರು ತೆಳುವಾದ ಬಟ್ಟೆಯಿಂದ ಮುಖ ಮುಚ್ಚಿಕೊಂಡು, ಕಾಯುವುದು, ಹುಡುಕುವುದು, ಬೀಳ್ಕೊಡುವುದು ಇಂಥ ಒಂದೊಂದೇ ಕ್ರಿಯೆಯನ್ನು ಗೆಳೆಯರ ಮುಂದೆ ಮಾಡಿ ತೋರಿಸಿ, ಅವರಿಗೆ ಏನು ಕಂಡಿತೆಂದು ಕೇಳಬಹುದು.

ಧ್ವನಿ ಮತ್ತು ಮಾತು

ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಕಟ್ಟಿದ ಗ್ರೀಸಿನ ಎಪಿಡಾರಸ್ ಬಯಲು ರಂಗಮಂದಿರದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಕುಳಿತು ಧ್ವನಿವರ್ಧಕವಿಲ್ಲದೆ ನಾಟಕ ಕೇಳುತ್ತಿದ್ದರು. ಇಂದು ಕಾಲರ್ ಮೈಕು ಸುಲಭವಾಗಿ ಸಿಗುತ್ತದೆ ಎಂಬ ಕಾರಣಕ್ಕೆ ಧ್ವನಿಯ ಸಾಧನೆಯನ್ನು ಕೈಬಿಡುವ ನಟರನ್ನು ಕಂಡಾಗ ನಿಜಕ್ಕೂ ಬೇಸರವಾಗುತ್ತದೆ. ಮೈಕು ಸದ್ದನ್ನು ದೊಡ್ಡದು ಮಾಡುತ್ತದೆಯೇ ಹೊರತು ಅಸ್ಪಷ್ಟ ಉಚ್ಚಾರವನ್ನು ಸ್ಪಷ್ಟಗೊಳಿಸುವುದಿಲ್ಲ, ಸಾಲದ ಉಸಿರನ್ನು ತುಂಬಿಕೊಡುವುದಿಲ್ಲ.

ದಿನದ ಅಭ್ಯಾಸ ಉಸಿರಿನಿಂದ ಆರಂಭವಾಗಲಿ. ಅಂಗಾತ ಮಲಗಿ, ಮಂಡಿಗಳನ್ನು ಮಡಚಿ, ಒಂದು ಕೈಯನ್ನು ಹೊಟ್ಟೆಯ ಮೇಲೂ ಇನ್ನೊಂದನ್ನು ಪಕ್ಕೆಲುಬಿನ ಮೇಲೂ ಇಟ್ಟುಕೊಂಡು, ಭುಜಗಳು ಏರದಂತೆ ಉಸಿರು ತೆಗೆದುಕೊಳ್ಳಬೇಕು. ಹೊರಗೆ ಬಿಡುವಾಗ ‘ಸ್’ ಎಂಬ ಸದ್ದನ್ನು ಸಮನಾದ ಎಳೆಯಾಗಿ ಬಿಡುತ್ತಾ ಅದರ ಉದ್ದವನ್ನು ವಾರದಿಂದ ವಾರಕ್ಕೆ ಹಿಗ್ಗಿಸುತ್ತಾ ಹೋಗಬೇಕು. ಆಮೇಲೆ ಬಾಯಿ ಮುಚ್ಚಿ ಗುನುಗುವುದು, ತುಟಿಗಳನ್ನು ಪಟಪಟನೆ ಅದುರಿಸುತ್ತಾ ಸ್ವರವನ್ನು ಏರಿಳಿಸುವುದು, ಸಣ್ಣ ಸ್ಟ್ರಾ ಮೂಲಕ ಸ್ವರ ಹೊರಡಿಸುವುದು. ಇವು ಧ್ವನಿತಂತುಗಳ ಮೇಲೆ ಹೊರೆ ಹಾಕದೆ ಅವನ್ನು ಹದಗೊಳಿಸುತ್ತವೆ. ಇದಾದ ಮೇಲಷ್ಟೇ ಮಾತಿಗೆ ಬರಬೇಕು. ತಾಲೀಮಿಗೆ ಓಡಿಬಂದು ನೇರವಾಗಿ ಕಿರುಚುವ ದೃಶ್ಯಕ್ಕೆ ಇಳಿಯುವ ಅಭ್ಯಾಸ ಒಂದೆರಡು ವರ್ಷ ನಡೆದೀತು, ಅನಂತರ ಗಂಟಲು ಅದರ ಲೆಕ್ಕ ಕೇಳುತ್ತದೆ.

ಉಚ್ಚಾರದಲ್ಲಿ ಕನ್ನಡ ನಟರು ವಿಶೇಷವಾಗಿ ಗಮನಿಸಬೇಕಾದ ಜಾಗಗಳಿವೆ. ಅಲ್ಪಪ್ರಾಣ ಮಹಾಪ್ರಾಣಗಳ ವ್ಯತ್ಯಾಸ, ‘ಅ’ಕಾರ ‘ಹ’ಕಾರ, ‘ಶ’, ‘ಷ’, ‘ಸ’, ಒತ್ತಕ್ಷರಗಳ ಪೂರ್ಣತೆ, ಇವು ಶಿಷ್ಟ ಮಾತಿನ ಪಾತ್ರಕ್ಕೆ ಬೇಕು. ಆಡುಮಾತಿನ ಪಾತ್ರಕ್ಕೆ ಅವೇ ಅಡ್ಡಿಯಾಗಬಹುದು. ಎರಡನ್ನೂ ಬಲ್ಲವನಿಗೆ ಆಯ್ಕೆಯಿರುತ್ತದೆ, ಒಂದನ್ನು ಮಾತ್ರ ಬಲ್ಲವನಿಗೆ ಅದೇ ಮಿತಿಯಾಗುತ್ತದೆ. ಹೆಚ್ಚು ಅಪಾಯವಿರುವುದು ವಾಕ್ಯದ ಕೊನೆಯಲ್ಲಿ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಹೌದೋ ಅಲ್ಲವೋ, ಆಯಿತೋ ಆಗಲಿಲ್ಲವೋ ಎಂಬುದು ಅಲ್ಲಿಯೇ ತೀರ್ಮಾನವಾಗುತ್ತದೆ. ಉಸಿರು ಮುಗಿದು ಕೊನೆಯ ಪದ ನುಂಗಿಹೋದರೆ ಹಿಂದಿನ ಸಾಲಿನವರಿಗೆ ವಾಕ್ಯವೇ ಮುಟ್ಟುವುದಿಲ್ಲ. ಆದ್ದರಿಂದ ಸಂಭಾಷಣೆಯ ಪ್ರತಿಯಲ್ಲಿ ಉಸಿರು ತೆಗೆದುಕೊಳ್ಳುವ ಜಾಗಗಳನ್ನು ಪೆನ್ಸಿಲಿನಿಂದ ಗುರುತಿಸಿ, ಕೊನೆಯ ಕ್ರಿಯಾಪದಕ್ಕೆ ಉಸಿರು ಉಳಿದಿರುವಂತೆ ನೋಡಿಕೊಳ್ಳಬೇಕು.

ಧ್ವನಿ ಒಡೆದಿದ್ದಾಗ ಪಿಸುಮಾತಿನಲ್ಲಿ ಮಾತಾಡಿದರೆ ಗಂಟಲಿಗೆ ವಿಶ್ರಾಂತಿ ಎಂಬ ನಂಬಿಕೆ ಅನೇಕರಲ್ಲಿದೆ. ಒತ್ತಿ ಆಡುವ ಪಿಸುಮಾತು ಗಂಟಲಿಗೆ ಹೊರೆಯಾಗಬಹುದು. ಮೌನವೇ ನಿಜವಾದ ವಿಶ್ರಾಂತಿ. ನೆಗಡಿಯಿಲ್ಲದೆಯೂ ದನಿಯ ಗೊಗ್ಗರು ಎರಡು ಮೂರು ವಾರ ಕಳೆದರೂ ಹೋಗದಿದ್ದರೆ ಕಿವಿ-ಮೂಗು-ಗಂಟಲು ತಜ್ಞರನ್ನು ಕಾಣಲೇಬೇಕು.

ಪಠ್ಯದಿಂದ ಪಾತ್ರಕ್ಕೆ

1898ರಲ್ಲಿ ಮಾಸ್ಕೋ ಆರ್ಟ್ ಥಿಯೇಟರನ್ನು ಸ್ಥಾಪಿಸಿದವರಲ್ಲಿ ಒಬ್ಬರಾದ ಸ್ತಾನಿಸ್ಲಾವ್‌ಸ್ಕಿ ಆರಂಭದಲ್ಲಿ ನಟನ ಸ್ವಂತ ಭಾವಸ್ಮೃತಿಗೆ ಹೆಚ್ಚು ಮಹತ್ವ ಕೊಟ್ಟಿದ್ದರೂ, ಕೊನೆಯ ವರ್ಷಗಳಲ್ಲಿ ದೈಹಿಕ ಕ್ರಿಯೆಗಳ ಕಡೆಗೆ ತಿರುಗಿದರು. ಭಾವವನ್ನು ಕರೆದಾಗ ಅದು ಬರುತ್ತದೆಂಬ ಭರವಸೆಯಿಲ್ಲ. ಕ್ರಿಯೆಯನ್ನು ಮಾತ್ರ ಪ್ರತಿ ಸಂಜೆಯೂ ಮಾಡಬಹುದು, ಸರಿಯಾದ ಕ್ರಿಯೆ ಭಾವವನ್ನು ಎಳೆದು ತರುತ್ತದೆ. ಈ ತಿರುವನ್ನು ತಿಳಿಯದೆ, ಅಳುವ ದೃಶ್ಯಕ್ಕಾಗಿ ಮನೆಯ ಸಾವುಗಳನ್ನು ನೆನೆಯುತ್ತಾ ಕೂರುವ ಕಿರಿಯ ನಟರು ತಮ್ಮ ಮನಸ್ಸನ್ನು ಅನವಶ್ಯಕವಾಗಿ ಗಾಯಗೊಳಿಸಿಕೊಳ್ಳುತ್ತಾರೆ.

ಕ್ರಿಯೆಯಿಂದ ಪಾತ್ರ ಕಟ್ಟುವುದನ್ನು ಚಿಕ್ಕದೊಂದು ಉದಾಹರಣೆಯಿಂದ ನೋಡೋಣ. ರಾಜನ ಓಲಗಕ್ಕೆ ಬರುವ ದೂತನಿಗೆ ಒಂದೇ ಮಾತಿದೆ ಎಂದಿಟ್ಟುಕೊಳ್ಳಿ: “ಪ್ರಭು, ಹೊಳೆಯಾಚೆಯ ಕೋಟೆ ಬಿದ್ದಿದೆ.” ಇದನ್ನು ಗಟ್ಟಿಯಾಗಿ ಹೇಳಿ ಹೊರಟುಹೋಗುವುದು ಎಲ್ಲರೂ ಮಾಡುವುದೇ. ಈಗ ಪ್ರಶ್ನೆಗಳನ್ನು ಕೇಳಿಕೊಳ್ಳಿ. ಇವನು ಎಲ್ಲಿಂದ, ಹೇಗೆ ಬಂದ? ಕುದುರೆಯಿಂದ ಇಳಿದವನಿಗೂ ಈಜಿ ಬಂದವನಿಗೂ ನಿಲುವು ಒಂದೇ ಅಲ್ಲ. ಇವನಿಗೆ ಏನು ಬೇಕು? ಸುದ್ದಿ ಮುಟ್ಟಿಸಿ ತಲೆ ಉಳಿಸಿಕೊಳ್ಳಬೇಕೇ, ಸೈನ್ಯ ಕಳುಹಿಸುವಂತೆ ರಾಜನನ್ನು ಒಪ್ಪಿಸಬೇಕೇ, ಅಥವಾ ಕೋಟೆಯೊಳಗಿದ್ದ ತನ್ನ ಅಣ್ಣನ ಸಾವನ್ನು ಯಾರಿಗಾದರೂ ಹೇಳಿಕೊಳ್ಳಬೇಕೇ? ತಲೆ ಉಳಿಸಿಕೊಳ್ಳಬೇಕಾದವನು ‘ಪ್ರಭು’ ಎಂದಾದ ಮೇಲೆ ತಡೆಯುತ್ತಾನೆ, ರಾಜನ ಪಾದಗಳನ್ನಷ್ಟೇ ನೋಡುತ್ತಾನೆ. ಸೈನ್ಯ ಬೇಕಾದವನು ‘ಹೊಳೆಯಾಚೆಯ’ ಎಂಬುದಕ್ಕೆ ಒತ್ತು ಕೊಡುತ್ತಾನೆ, ಏಕೆಂದರೆ ಶತ್ರುವಿಗೂ ರಾಜಧಾನಿಗೂ ನಡುವೆ ಉಳಿದಿರುವುದು ಹೊಳೆಯೊಂದೇ. ಅವನ ಕಣ್ಣು ರಾಜನ ಬಳಿಯಿರುವ ಸೇನಾಪತಿಯನ್ನು ಹುಡುಕುತ್ತದೆ. ಅಣ್ಣನನ್ನು ಕಳೆದುಕೊಂಡವನಿಗೆ ‘ಬಿದ್ದಿದೆ’ ಎಂಬುದನ್ನು ಹೇಳುವವರೆಗೆ ಅದು ನಿಜವೆನಿಸಿರಲಿಲ್ಲ, ಹೇಳಿದ ಮೇಲೆ ಹೊರಡಲು ಕಾಲು ಬರುವುದಿಲ್ಲ. ನಾಲ್ಕು ಪದಗಳಲ್ಲಿ ಮೂವರು ಮನುಷ್ಯರಿದ್ದಾರೆ. ಯಾವನು ಬೇಕೆಂಬುದನ್ನು ನಾಟಕದ ಅಗತ್ಯ ಮತ್ತು ನಿರ್ದೇಶಕರು ನಿರ್ಧರಿಸುತ್ತಾರೆ, ಆದರೆ ಮೂವರನ್ನೂ ತಾಲೀಮಿಗೆ ತಂದು ತೋರಿಸುವುದು ನಟನ ಜವಾಬ್ದಾರಿ.

ದೊಡ್ಡ ಪಾತ್ರಕ್ಕೂ ವಿಧಾನ ಇದೇ. ದೃಶ್ಯದಿಂದ ದೃಶ್ಯಕ್ಕೆ ಪಾತ್ರಕ್ಕೆ ಬೇಕಾದದ್ದು ಎಲ್ಲಿ ಬದಲಾಗುತ್ತದೆ ಎಂದು ಗೆರೆ ಎಳೆದುಕೊಳ್ಳಬೇಕು, ಅಷ್ಟೇ. ಮಾತು ಬಾಯಿಪಾಠ ಮಾಡುವಾಗ ನಿಮ್ಮ ಸಾಲುಗಳನ್ನು ಮಾತ್ರ ಉರು ಹೊಡೆಯದೆ ಎದುರು ಪಾತ್ರದ ಮಾತಿನೊಡನೆ, ನಡೆದಾಡುತ್ತಾ, ರಾಗ ಗಟ್ಟಿಯಾಗದಂತೆ ಕಲಿಯಬೇಕು. ಒಮ್ಮೆ ರಾಗ ಕಟ್ಟಿಹೋದ ಮಾತನ್ನು ಬಿಡಿಸುವುದು ಹೊಸದಾಗಿ ಕಲಿಯುವುದಕ್ಕಿಂತ ಕಷ್ಟ. ಪಾತ್ರದೊಳಗೆ ಸಿಕ್ಕಿಹಾಕಿಕೊಂಡಾಗ ಜರ್ಮನ್ ನಾಟಕಕಾರ ಬ್ರೆಕ್ಟ್ ಸೂಚಿಸಿದ ಅಭ್ಯಾಸವೊಂದು ಕೈಹಿಡಿಯುತ್ತದೆ: ನಿಮ್ಮ ಮಾತುಗಳನ್ನು ಪ್ರಥಮ ಪುರುಷಕ್ಕೆ, ಭೂತಕಾಲಕ್ಕೆ ತಿರುಗಿಸಿ, ರಂಗಸೂಚನೆಯನ್ನೂ ಸೇರಿಸಿ ಹೇಳುವುದು. “ಅವನು ಎದ್ದು ನಿಂತ, ತಾನು ಬರುವುದಿಲ್ಲ ಎಂದ” ಎಂದು ಹೇಳಿದೊಡನೆ ಪಾತ್ರವನ್ನು ಹೊರಗಿನಿಂದ ನೋಡಲು ಸಾಧ್ಯವಾಗುತ್ತದೆ. ಅವನು ಬೇರೆ ರೀತಿಯಲ್ಲೂ ನಡೆದುಕೊಳ್ಳಬಹುದಿತ್ತು ಎಂಬುದು ಹೊಳೆಯುತ್ತದೆ. ಒಳಗಿನಿಂದ ಕಟ್ಟುವ ದಾರಿ, ಹೊರಗಿನಿಂದ ತೋರಿಸುವ ದಾರಿ ಎಂದು ಪಕ್ಷ ಕಟ್ಟಿಕೊಂಡು ಜಗಳವಾಡುವುದು ವಿಮರ್ಶಕರಿಗೆ ಇರಲಿ, ನಟನ ಕೈಯಲ್ಲಿ ಎರಡೂ ಇರಬೇಕು.

ಶಾಲೆಯಲ್ಲೋ, ತಂಡದಲ್ಲೋ

1904ರಲ್ಲಿ ಆರಂಭವಾದ ಲಂಡನ್ನಿನ ನಾಟಕ ಶಾಲೆ ರಾಡಾ, 1959ರಲ್ಲಿ ಆರಂಭವಾದ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ, ಇಂಥ ಕಡೆ ಮೂರು ವರ್ಷದ ಪೂರ್ಣಾವಧಿ ಶಿಕ್ಷಣವಿದೆ. ಶಾಲೆಯಲ್ಲಿ ಸಿಗುವ ದೊಡ್ಡ ಲಾಭವೆಂದರೆ ನಿಮಗೆ ಒಗ್ಗದ ಪಾತ್ರವನ್ನೇ ನಿಮಗೆ ಕೊಡುವ ಗುರುಗಳು. ಹೊರಗಿನ ಜಗತ್ತು ಒಗ್ಗುವ ಪಾತ್ರವನ್ನೇ ಮತ್ತೆ ಮತ್ತೆ ಕೊಡುತ್ತದೆ. ಶಾಲೆಗೆ ಹೋಗಲಾಗದವರು ತಂಡವೊಂದನ್ನು ಸೇರಿ, ನಟನೆಯಷ್ಟೇ ಅಲ್ಲದೆ ಬೆಳಕು, ರಂಗಸಜ್ಜಿಕೆ, ವಸ್ತ್ರ, ಮರೆಯಿಂದ ಮಾತು ನೆನಪಿಸುವ ಪ್ರಾಂಪ್ಟಿಂಗ್ ಎಲ್ಲವನ್ನೂ ಒಂದೊಂದು ನಾಟಕಕ್ಕೆ ಮಾಡಬೇಕು. ಬೆಳಕಿನ ಕೆಲಸ ಮಾಡಿದ ನಟನು ತನ್ನ ಮುಖಕ್ಕೆ ಬೆಳಕು ಬಿದ್ದಿದೆಯೇ ಎಂಬುದನ್ನು ಕೆನ್ನೆಯ ಬಿಸಿಯಿಂದಲೇ ಅರಿಯುತ್ತಾನೆ, ಸಹನಟನ ಮೇಲೆ ನೆರಳು ಬೀಳಿಸುವುದಿಲ್ಲ.

ಪ್ರವೇಶಪರೀಕ್ಷೆಗಾಗಲಿ, ತಂಡದ ಆಡಿಷನ್ನಿಗಾಗಲಿ ಸಾಮಾನ್ಯವಾಗಿ ಪರಸ್ಪರ ಭಿನ್ನವಾದ ಎರಡು ಏಕಪಾತ್ರ ಭಾಗಗಳನ್ನು ಕೇಳುತ್ತಾರೆ. ಒಂದು ಪದ್ಯದ ಅಥವಾ ಹಳೆಯ ನಾಟಕದ್ದು, ಇನ್ನೊಂದು ಇಂದಿನ ಮಾತಿನದು, ತಲಾ ಎರಡು ನಿಮಿಷದೊಳಗೆ ಇರಲಿ. ಎರಡೂ ಕಡೆ ಅರಚಾಟ ಅಥವಾ ಎರಡೂ ಕಡೆ ಅಳು ಇದ್ದರೆ ಭಿನ್ನತೆ ಕಾಣುವುದಿಲ್ಲ. ಪರೀಕ್ಷಕರು ಮಧ್ಯೆ ನಿಲ್ಲಿಸಿ ಬೇರೆ ರೀತಿಯಲ್ಲಿ ಮಾಡಿ ಎಂದರೆ ಅದನ್ನು ಟೀಕೆಯೆಂದು ತಿಳಿಯಬಾರದು. ನೀವು ಬದಲಾಗಬಲ್ಲಿರಾ ಎಂಬುದನ್ನೇ ಅವರು ನೋಡುತ್ತಿರುತ್ತಾರೆ.

ವೃತ್ತಿಯಲ್ಲಿ ಬಹುಮುಖತೆಯನ್ನು ಉಳಿಸಿಕೊಳ್ಳುವುದು

ಹಲವು ನಾಟಕಗಳನ್ನು ಸರದಿಯಲ್ಲಿ ಆಡುವ ರೆಪರ್ಟರಿ ತಂಡ ಬಹುಮುಖಿ ನಟನಿಗೆ ಅತ್ಯುತ್ತಮ ಶಾಲೆ. ನಿನ್ನೆ ರಾಜನಾಗಿದ್ದವನು ಇಂದು ಬಾಗಿಲು ಕಾಯುತ್ತಾನೆ, ನಾಳೆ ಮುದುಕಿಯಾಗುತ್ತಾನೆ. ಅವಕಾಶವಿದ್ದರೆ ವೃತ್ತಿಯ ಮೊದಲ ಐದಾರು ವರ್ಷಗಳನ್ನು ಇಂಥ ತಂಡದಲ್ಲಿ ಕಳೆಯಿರಿ. ಕೈಗೆ ಬರುವ ಹಣ ಕಡಿಮೆಯಾದರೂ ಮುಂದಿನ ವರ್ಷಗಳಿಗೆ ಬೇಕಾದ ಬಂಡವಾಳ ಅಲ್ಲಿ ಸಿಗುತ್ತದೆ. ಬದಲಿ ನಟನಾಗಿ ಇನ್ನೊಬ್ಬರ ಪಾತ್ರವನ್ನು ಕಲಿಯುವ ಅವಕಾಶ ಬಂದರೆ ಕೀಳೆಂದು ಬಗೆಯಬೇಡಿ. ಅವರ ಚಲನೆಯನ್ನು ಕಾಪಾಡುತ್ತಲೇ ನಿಮ್ಮದೇ ಕಾರಣಗಳನ್ನು ಹುಡುಕಿಕೊಳ್ಳುವುದು ಅಪರೂಪದ ತರಬೇತಿ.

ಒಂದು ಪಾತ್ರ ಗೆದ್ದೊಡನೆ ಅದೇ ಬಗೆಯ ಪಾತ್ರಗಳು ಸಾಲುಗಟ್ಟಿ ಬರುತ್ತವೆ. ಹೊಟ್ಟೆಪಾಡಿಗಾಗಿ ಅವನ್ನು ಒಪ್ಪಿಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ವರ್ಷಕ್ಕೊಂದಾದರೂ ನಿಮಗೆ ಯಾರೂ ಕೊಡಲಾರದ ಪಾತ್ರವನ್ನು ಚಿಕ್ಕ ತಂಡದಲ್ಲಾದರೂ, ಕಡಿಮೆ ಸಂಭಾವನೆಗಾದರೂ ಮಾಡಬೇಕು. 1957ರಲ್ಲಿ, ಶಾಸ್ತ್ರೀಯ ನಾಟಕಗಳ ದೊರೆಪಾತ್ರಗಳಿಂದ ಪ್ರಸಿದ್ಧರಾಗಿದ್ದ ಒಲಿವಿಯೇ, ಯುವ ನಾಟಕಕಾರ ಜಾನ್ ಆಸ್ಬರ್ನ್ ಬರೆದ ನಾಟಕದಲ್ಲಿ ಸೋತು ಸವೆದ ಮ್ಯೂಸಿಕ್ ಹಾಲ್ ವಿದೂಷಕನ ಪಾತ್ರವನ್ನು ಲಂಡನ್ನಿನ ರಾಯಲ್ ಕೋರ್ಟ್ ಎಂಬ ಚಿಕ್ಕ ರಂಗಮಂದಿರದಲ್ಲಿ ಮಾಡಿದರು. ಐವತ್ತರ ಹೊಸ್ತಿಲಲ್ಲಿದ್ದ ನಟರೊಬ್ಬರು ತಮ್ಮ ಖ್ಯಾತಿಯ ಚೌಕಟ್ಟನ್ನು ತಾವೇ ಮುರಿದದ್ದು ಹೀಗೆ.

ಹಣದ ವಿಷಯದಲ್ಲಿ ಮುಜುಗರ ಬೇಡ. ಅಮೆರಿಕದಲ್ಲಿ 1913ರಲ್ಲಿ ನಟರ ಸಂಘ ಹುಟ್ಟಿದ್ದಕ್ಕೆ ತಾಲೀಮಿಗೆ ಸಂಬಳವಿಲ್ಲದಿರುವುದು, ಪ್ರವಾಸದ ನಡುವೆ ಕಂಪನಿ ಮುಚ್ಚಿ ನಟರು ಪರಊರಿನಲ್ಲಿ ಬರಿಗೈಯಲ್ಲಿ ಉಳಿಯುವುದು ಇಂಥವೇ ಕಾರಣಗಳಾಗಿದ್ದವು. 1919ರ ಮುಷ್ಕರದ ನಂತರವೇ ನಿರ್ಮಾಪಕರು ಸಂಘವನ್ನು ಮಾನ್ಯಮಾಡಿದರು. ತಾಲೀಮಿನ ದಿನಗಳು, ಪ್ರದರ್ಶನಗಳ ಸಂಖ್ಯೆ, ಪ್ರಯಾಣ, ವಸತಿ, ಪ್ರದರ್ಶನ ರದ್ದಾದರೆ ಏನು ಎಂಬುದೆಲ್ಲ ಬರಹದಲ್ಲಿರಲಿ. ಪ್ರದರ್ಶನಗಳಿಲ್ಲದ ತಿಂಗಳುಗಳಿಗೆ ಧ್ವನಿದಾನ, ವಾಚನ, ಮಕ್ಕಳಿಗೆ ರಂಗಶಿಕ್ಷಣ, ಇಂಥ ಕಲೆಗೆ ಹತ್ತಿರದ ಆದಾಯದ ದಾರಿಯೊಂದನ್ನು ಮೊದಲೇ ಕಟ್ಟಿಕೊಳ್ಳಬೇಕು.

ಹೆಚ್ಚು ಪ್ರದರ್ಶನ ಕಾಣುವ ನಾಟಕದಲ್ಲಿ ಅಭಿನಯ ಯಾಂತ್ರಿಕವಾಗುವುದು ನಟನು ಕೇಳಿಸಿಕೊಳ್ಳುವುದನ್ನು ಬಿಟ್ಟಾಗ. ಮುಂದಿನ ಮಾತು ಗೊತ್ತಿರುವುದರಿಂದ ಕಿವಿ ಮುಚ್ಚಿಕೊಳ್ಳುತ್ತದೆ. ಪ್ರತಿ ಸಂಜೆಯೂ ಎದುರು ನಟನ ದನಿಯಲ್ಲಿ ನಿನ್ನೆಗಿಂತ ಬೇರೆಯಾದ ಒಂದನ್ನು ಗುರುತಿಸಿ ಅದಕ್ಕೇ ಉತ್ತರಿಸುವ ನಿಯಮ ಹಾಕಿಕೊಂಡರೆ, ಚಲನೆ ಬದಲಿಸದೆಯೇ ದೃಶ್ಯ ಹೊಸದಾಗುತ್ತದೆ.

ವಯಸ್ಸಿನ ಬಗೆಗೆ ಜಪಾನಿನ ನೋ ರಂಗಭೂಮಿಯ ಆಚಾರ್ಯ ಝೆಯಾಮಿ ಸುಮಾರು 600 ವರ್ಷಗಳ ಹಿಂದೆ ಬರೆದದ್ದು ಇಂದಿಗೂ ಪ್ರಸ್ತುತ. ಏಳನೆಯ ವಯಸ್ಸಿನಿಂದ ಐವತ್ತು ದಾಟುವವರೆಗೆ ನಟನ ಅಭ್ಯಾಸ ಹೇಗಿರಬೇಕೆಂದು ಹಂತಹಂತವಾಗಿ ಹೇಳುವ ಆತ, ಎಳೆತನದ ಚೆಲುವಿನಿಂದ ಬಂದ ಹೊಗಳಿಕೆಯನ್ನು ತನ್ನ ಕಲೆಯೆಂದು ನಂಬಬಾರದೆಂದು ಎಚ್ಚರಿಸುತ್ತಾನೆ. ನಲವತ್ತನಾಲ್ಕು ದಾಟಿದವನು ಬಿರುಸಿನ ಪಾತ್ರಗಳನ್ನು ಕಿರಿಯರಿಗೆ ಬಿಟ್ಟು, ತನ್ನ ದೇಹಕ್ಕೆ ಸಹಜವಾದದ್ದನ್ನು ಮಿತವಾಗಿ ಆಡಬೇಕೆನ್ನುತ್ತಾನೆ. ಇಂದಿನ ನಟರ ದೇಹ ಅಷ್ಟು ಬೇಗ ಸೋಲಬೇಕಾಗಿಲ್ಲ, ಆದರೆ ನಾಯಕನ ಪಾತ್ರದಿಂದ ತಂದೆಯ ಪಾತ್ರಕ್ಕೆ ದಾಟುವ ನಡುವಿನ ಕೆಲವು ವರ್ಷಗಳು ಅನೇಕರಿಗೆ ಬರಿದಾಗಿ ಹೋಗುತ್ತವೆ. ಮೂವತ್ತೈದರ ಸುಮಾರಿಗೆ, ಕೈತುಂಬ ಕೆಲಸವಿರುವಾಗಲೇ, ಐವತ್ತರ ನಂತರ ಮಾಡಬಹುದಾದ ಪಾತ್ರಗಳಿರುವ ನಾಟಕಗಳನ್ನು ಓದಿ ಪಟ್ಟಿ ಮಾಡಿಟ್ಟುಕೊಳ್ಳಿ, ವರ್ಷಕ್ಕೊಂದು ಹಿರಿಯ ಪಾತ್ರವನ್ನು ಚಿಕ್ಕ ಪ್ರಯೋಗದಲ್ಲಿ ಮಾಡಿ ನೋಡಿ, ಮತ್ತು ನಿಮಗಿಂತ ಕಿರಿಯ ನಿರ್ದೇಶಕರೊಡನೆ ಕೆಲಸ ಮಾಡುವ ಅಭ್ಯಾಸವನ್ನು ಆಗಲೇ ಬೆಳೆಸಿಕೊಳ್ಳಿ. ಮುಂದೆ ನಿಮಗೆ ಪಾತ್ರ ಕೊಡುವವರು ಅವರೇ ಆಗಿರುತ್ತಾರೆ.